ಬೇಟೆಗಾರನ ತಪ್ಪು ಹೆಗಲು

ಅವಳ ಸ್ವಂತ ಹೆಸರು ಮನೆಯವರಿಗೇ ಮರೆತುಹೋಗುವಷ್ಟು ವರ್ಷಗಳಿಂದ ಎಲ್ಲರೂ ಅವಳನ್ನು ಗದ್ದಮ್ಮ ಅಂತಲೇ ಕರೆಯುತ್ತಿದ್ದರು. ಅಂಚೆ ಕಚೇರಿಯ ಎದುರಿನ ಕಿರಿದಾದ ಸ್ಟುಡಿಯೋದಲ್ಲಿ ಪಾಸ್‌ಪೋರ್ಟಿಗೆ, ಲೈಸೆನ್ಸಿಗೆ, ಐಡಿ ಕಾರ್ಡಿಗೆ ಫೋಟೋ ತೆಗೆಯುವುದು ಅವಳ ಕೆಲಸ. ಸ್ಟೂಲಿನ ಮೇಲೆ ಕೂತವರು ನ್ಯಾಯಾಧೀಶರೇ ಆಗಲಿ, ಹಾಲು ಹಾಕುವವರೇ ಆಗಲಿ, ಅವಳು ಹೇಳುವುದು ಒಂದೇ ಮಾತು: "ಗದ್ದ ಸ್ವಲ್ಪ ಮೇಲೆ." ಆ ಮಾತೇ ಅವಳಿಗೆ ಹೆಸರಾಗಿ ಅಂಟಿಕೊಂಡಿತ್ತು. ಸ್ಟುಡಿಯೋದ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಳು, ಹಾಯಾಗಿದ್ದಳು. ಭಾನುವಾರದ ಊಟ ಮಾತ್ರ ಅಕ್ಕನ ಮನೆಯಲ್ಲಿ.

ಅಕ್ಕ ಶಾಲೆಯೊಂದರ ಹೆಡ್‌ಮೇಡಮ್ಮು. ಅಕ್ಕನ ಗಂಡ ಹಲ್ಲಿನ ಡಾಕ್ಟರು. ಬೇರೆಯವರ ಬಾಯಿ ತೆರೆಸುವುದು ಭಾವನ ವೃತ್ತಿ. ತಮ್ಮ ಬಾಯಿ ಮುಚ್ಚದೇ ಇರುವುದು ಹವ್ಯಾಸ. ಆ ಹವ್ಯಾಸದ ಜೊತೆಗೆ ಈಚೆಗೆ ಇನ್ನೊಂದು ಸೇರಿಕೊಂಡಿತ್ತು. ಮಗುವಿನ ತಲೆಯಷ್ಟು ದಪ್ಪದ ಲೆನ್ಸು ಇರುವ ಕ್ಯಾಮೆರಾ ತಂದು, ರಾತ್ರಿಯ ಆಕಾಶದ ಫೋಟೋ ತೆಗೆಯುತ್ತೇನೆ ಎಂದು ಹೊರಟಿದ್ದರು.

ಒಂದು ಭಾನುವಾರ ಊಟದ ಮೇಜಿಗೆ ಕೈ ತೊಳೆದು ಬರುವಷ್ಟರಲ್ಲಿ ಭಾವ ಚೌಕಟ್ಟು ಹಾಕಿಸಿದ ಒಂದು ಫೋಟೋವನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದ್ದರು. ಕಪ್ಪು ಆಕಾಶ, ಅದರ ನಡುವೆ ಮೂಲೆಯಿಂದ ಮೂಲೆಗೆ ಹಾಲು ಚೆಲ್ಲಿದಂತೆ ಆಕಾಶಗಂಗೆ.

"ಗುಡ್ಡದ ಮೇಲಿಂದ ತೆಗೆದದ್ದು," ಅಂದರು. "ಇಲ್ಲಿ ಉದ್ದಕ್ಕೆ ಕಾಣ್ತಿದೆಯಲ್ಲ, ಇದು ಉಲ್ಕೆ. ಅದೃಷ್ಟ ಬೇಕು ಇದಕ್ಕೆಲ್ಲ. ಅದೃಷ್ಟ, ಮತ್ತೆ ಫೋಕಸ್ಸು. ಕತ್ತಲಲ್ಲಿ ಫೋಕಸ್ ಮಾಡೋದು ಅಂದ್ರೆ ಹುಡುಗಾಟ ಅಲ್ಲ."

"ಎಷ್ಟ್ ಚೆನ್ನಾಗಿದೆ ರೀ!" ಅಂದಳು ಅಕ್ಕ.

ಗದ್ದಮ್ಮ ತಟ್ಟೆಯಿಂದ ತಲೆ ಎತ್ತದೆ, "ಫೋಕಸ್ ಮಾಡೋದರಲ್ಲಿ ಅಂಥದ್ದೇನಿದೆ ಭಾವ? ನಾನು ದಿನಾ ಮಾಡ್ತೀನಿ," ಅಂದಳು.

"ನೀನು ಮಾಡೋದು ಮೂಗಿನ ಫೋಕಸ್ಸಮ್ಮ. ಮೂರಡಿ ದೂರದಲ್ಲಿ ಕೂತಿರುತ್ತೆ ಮೂಗು. ನಕ್ಷತ್ರಕ್ಕೆ ಗದ್ದ ಮೇಲೆ ಅಂದ್ರೆ ಕೇಳುತ್ತಾ?"

ಅಕ್ಕ ನಕ್ಕಳು. ಅಕ್ಕ ನಕ್ಕದ್ದೇ ಗದ್ದಮ್ಮನಿಗೆ ನಾಟಿದ್ದು. "ಮುಂದಿನ ಭಾನುವಾರ ನಾನೂ ಒಂದು ತರ್ತೀನಿ. ಪಕ್ಕಪಕ್ಕ ಇಟ್ಟು ನೋಡೋಣ," ಅಂದುಬಿಟ್ಟಳು.

ಆಡಿದ ಮಾತು, ಒಡೆದ ಮುತ್ತು. ಸೋಮವಾರ ಕತ್ತಲಾಗುತ್ತಿದ್ದಂತೆ ಸ್ಟುಡಿಯೋದ ಕ್ಯಾಮೆರಾವನ್ನೂ ಮೂರು ಕಾಲಿನ ಸ್ಟ್ಯಾಂಡನ್ನೂ ತಾರಸಿಗೆ ಹೊತ್ತಳು. ನೆತ್ತಿಯ ಮೇಲೆ ಚೆನ್ನಾಗಿ ಬೆಳಗುವ ಒಂದು ನಕ್ಷತ್ರದ ಕಡೆ ಗುರಿಯಿಟ್ಟು ಗುಂಡಿ ಒತ್ತಿದಳು. ಲೆನ್ಸು ಗುಂಯ್ ಎಂದು ಮುಂದೆ ಹೋಯಿತು, ಗುಂಯ್ ಎಂದು ಹಿಂದೆ ಬಂತು, ಕತ್ತಲೆಯಲ್ಲಿ ಚಪ್ಪಲಿ ಹುಡುಕುವ ಮುದುಕಪ್ಪನ ಹಾಗೆ ತಡಕಾಡಿ ಕೊನೆಗೆ ಸುಮ್ಮನಾಯಿತು. ಸರಿ, ಕೈಯಲ್ಲೇ ಮಾಡೋಣ ಎಂದು ಫೋಕಸ್ಸಿನ ಬಳೆಯನ್ನು ಅದು ನಿಲ್ಲುವವರೆಗೂ ತಿರುಗಿಸಿದಳು. ಅತಿ ದೂರ ಎಂದರೆ ಬಳೆಯ ಕೊನೆ, ಇನ್ನೇನಿದೆ ಎಂಬುದು ಅವಳ ಲೆಕ್ಕ. ಫೋಟೋದಲ್ಲಿ ನಕ್ಷತ್ರಗಳ ಬದಲು ಅಂಗಿಯ ಗುಂಡಿಗಳು ಬಂದವು. ನಡುವೆ ತೂತಿದ್ದ, ದುಂಡನೆಯ, ಮಬ್ಬು ಗುಂಡಿಗಳು. ದರ್ಜಿಯೊಬ್ಬನ ಡಬ್ಬಿ ಆಕಾಶದಲ್ಲಿ ಚೆಲ್ಲಿದ ಹಾಗಿತ್ತು.

ಮಂಗಳವಾರವೂ ಗುಂಡಿಗಳೇ. ಆಮೇಲೆ ಮೋಡ ಮುಚ್ಚಿಕೊಂಡಿತು, ಶನಿವಾರದವರೆಗೂ ಕದಲಲಿಲ್ಲ.

ಶನಿವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಗಿರಾಕಿಗಳಿಲ್ಲದೆ ಕೂತಿದ್ದಾಗ ಮೂಲೆಯಲ್ಲಿದ್ದ ಕಪ್ಪು ರಟ್ಟಿನ ಮೇಲೆ ಅವಳ ಕಣ್ಣು ಬಿತ್ತು. ಫೋಟೋಗೆ ಅಂಚು ಕಟ್ಟುವ ರಟ್ಟು, ಮುಂದೆ ಕಪ್ಪು, ಹಿಂದೆ ಬಿಳುಪು. ಕಣ್ಣು ಬಿದ್ದದ್ದಷ್ಟೇ, ಮನಸ್ಸು ತಾನೇ ಮುಂದಕ್ಕೋಡಿತು. ಗ್ರಂಥಾಲಯದಿಂದ ತಂದ ಪುಸ್ತಕದಲ್ಲಿ ಬೇಟೆಗಾರ ಎಂಬ ನಕ್ಷತ್ರಗಳ ಗುಂಪಿನ ಚಿತ್ರವಿತ್ತು: ಎರಡು ಹೆಗಲು, ನಡುವಿಗೆ ಮೂರು ಚುಕ್ಕಿಯ ಪಟ್ಟಿ, ಎರಡು ಕಾಲು. ಕಪ್ಪಿನ ಮೇಲೆ ಪೆನ್ಸಿಲ್ ಕಾಣದು. ಆದ್ದರಿಂದ ರಟ್ಟಿನ ಬಿಳಿ ಬೆನ್ನಿನ ಮೇಲೆ ಬೇಟೆಗಾರನನ್ನು ಬರೆದು, ದೊಡ್ಡ ನಕ್ಷತ್ರಕ್ಕೆ ದಬ್ಬಳ, ಸಣ್ಣದಕ್ಕೆ ಸೂಜಿ ಹಿಡಿದು ಚುಚ್ಚಿದಳು. ಒಂದು ಹೆಗಲಿನ ನಕ್ಷತ್ರ ಕೆಂಪು ಎಂದು ಪುಸ್ತಕದಲ್ಲಿತ್ತು. ಪೆಪ್ಪರ್‌ಮೆಂಟಿನ ಕಿತ್ತಳೆ ಕಾಗದ ಹರಿದು ಆ ತೂತಿನ ಹಿಂದೆ ಅಂಟಿಸಿದಳು. ಹಿಂದಿನಿಂದ ಸ್ಟುಡಿಯೋ ದೀಪ ಹಾಕಿ, ಬಾಗಿಲಿಗೆ ಚಿಲಕ ಹಾಕಿ, ಮುಂದೆ ಕ್ಯಾಮೆರಾ ಇಟ್ಟು ಗುಂಡಿ ಒತ್ತಿದರೆ ಮೂರಡಿ ದೂರದ ಮೂಗಿಗೆ ಒಗ್ಗಿದ ಆ ಲೆನ್ಸು ಪಿಕ್ ಎಂದು ಒಂದೇ ಏಟಿಗೆ ಫೋಕಸ್ ಹಿಡಿಯಿತು. ಎಂಥ ನಕ್ಷತ್ರಗಳು! ಒಂದೊಂದೂ ಮೂಗುತಿಯ ಹರಳು.

ಅವಳಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿ ಸ್ವಲ್ಪ ಹೆಚ್ಚೇ ಆಯಿತು.

ಭಾನುವಾರ ಎರಡೂ ಫೋಟೋಗಳು ನೀರಿನ ಜಗ್ಗಿನ ಅತ್ತಿತ್ತ ನಿಂತವು. ಭಾವ ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ, ಮದುವೆಯಾದಂದಿನಿಂದ ಯಾರೂ ಕಂಡಿರದ ಒಂದು ಕೆಲಸ ಮಾಡಿದರು: ಏನೂ ಹೇಳದೆ ಬಾಯಿ ಮುಚ್ಚಿಕೊಂಡರು.

"ಹೇಗಿದೆ ಭಾವ?"

"ಚೆನ್ನಾಗಿದೆ," ಅಂದರು ಭಾವ. "ತುಂಬಾನೇ ಚೆನ್ನಾಗಿದೆ. ಎಲ್ಲಿಂದ ತೆಗೆದೆ?"

"ತಾರಸಿಯಿಂದ."

"ಹಾಗಾ," ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ "ಹಾಗಾ" ಅವಳಿಗೆ ಹಿಡಿಸಲಿಲ್ಲ.

ಅಕ್ಕ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದಳು. "ನಮ್ಮ ಶಾಲೆ ಹಜಾರದ ಗೋಡೆ ಬಣ್ಣ ಹೊಡೆಸಿದ ಮೇಲೆ ಬೋಳಾಗಿ ನಿಂತಿದೆ. ಎರಡನ್ನೂ ಬಾಗಿಲಷ್ಟು ದೊಡ್ಡದು ಮಾಡಿಸಿ ಅಲ್ಲಿ ಹಾಕಿಸ್ತೀನಿ. ಮಕ್ಕಳು ನೋಡ್ಲಿ, ಕಲೀಲಿ. ಲೇ, ನಿನ್ನ ಸ್ಟುಡಿಯೋದಲ್ಲೇ ಪ್ರಿಂಟ್ ಹಾಕಿಸು. ನಾಳೆ ಬಿಟ್ಟು ಮುಂದಿನ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಗೋಡೆ ಮೇಲಿರಬೇಕು."

ಭಾವನ ಗಂಟಲಲ್ಲಿ ಅನ್ನ ಸಿಕ್ಕಿಕೊಂಡಿತು. ಗದ್ದಮ್ಮ ನೀರು ಬಗ್ಗಿಸಿ ಕೊಟ್ಟು, ತಾನೂ ಒಂದು ಲೋಟ ಕುಡಿದಳು.

ಮರುದಿನ ಅವಳು ಭಾವನ ಫೋಟೋವನ್ನು ಸ್ಟುಡಿಯೋದ ಕಂಪ್ಯೂಟರಿನಲ್ಲಿ ತೆರೆದಳು. ಬಾಗಿಲಷ್ಟು ದೊಡ್ಡ ಪ್ರಿಂಟಿಗೆ ಎಲ್ಲಾದರೂ ಮಬ್ಬಿದೆಯೇ ಎಂದು ಒಂದೊಂದೇ ಮೂಲೆ ದೊಡ್ಡದು ಮಾಡಿ ನೋಡುವುದು ಅವಳ ರೂಢಿ. ಮೊದಲ ಮೂಲೆಯಲ್ಲೇ ಕೈ ನಿಂತಿತು. ಇನ್ನಷ್ಟು ದೊಡ್ಡದು ಮಾಡಿದಳು. ಪ್ರತಿಯೊಂದು ನಕ್ಷತ್ರದ ಎಡಕ್ಕೂ ಒಂದು ಪುಟ್ಟ ನೆರಳು ಬಿದ್ದಿತ್ತು.

ನಕ್ಷತ್ರಕ್ಕೆ ನೆರಳು! ಅವಳು ಉಲ್ಕೆಯ ಬಳಿಗೆ ಹೋದಳು. ಉಲ್ಕೆ ಬುಡದಲ್ಲಿ ನರೆತು, ತುದಿಯಲ್ಲಿ ಸುರುಳಿ ಸುತ್ತಿಕೊಂಡಿತ್ತು. ಅದು ಅಕ್ಕನ ಕೂದಲು.

ಅವಳು ನಗು ತಡೆಯಲಾಗದೆ ಮೇಜಿಗೆ ಹಣೆ ಹಚ್ಚಿದ್ದಾಗಲೇ ಬಾಗಿಲ ಗಂಟೆ ಕಿಣಿ ಎಂದಿತು. ಭಾವ ನಿಂತಿದ್ದರು, ಕ್ಲಿನಿಕ್ಕಿನ ಬಿಳಿ ಕೋಟನ್ನೂ ಕಳಚದೆ.

"ಪಾಸ್‌ಪೋರ್ಟ್ ಫೋಟೋ ಬೇಕಿತ್ತು," ಅಂದರು. ಕಣ್ಣು ಕಂಪ್ಯೂಟರಿನ ಮೇಲೆ.

"ಕೂತ್ಕೊಳ್ಳಿ ಭಾವ. ಗದ್ದ ಸ್ವಲ್ಪ ಮೇಲೆ. ನಿಮ್ಮ ನಕ್ಷತ್ರಗಳಿಗೆ ಬೆಳಕು ಯಾವ ಕಡೆಯಿಂದ ಬಿದ್ದಿತ್ತು?"

"ಅಂದ್ರೆ?"

"ನೆರಳು ಎಡಕ್ಕಿದೆ, ಅದಕ್ಕೆ ಕೇಳಿದೆ."

ಭಾವ ಗದ್ದ ಇಳಿಸಿದರು. ಆಮೇಲೆ ನಿಧಾನವಾಗಿ, "ಬೇಟೆಗಾರನ ಕೆಂಪು ನಕ್ಷತ್ರ ಯಾವ ಹೆಗಲಲ್ಲಿರುತ್ತೆ ನಾದಿನಿ?" ಅಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗದ್ದಮ್ಮನ ಕೈ ತನಗೇ ತಿಳಿಯದೆ ತನ್ನ ಹೆಗಲಿಗೆ ಹೋಯಿತು.

"ಪುಸ್ತಕದಲ್ಲಿ ಎಡಕ್ಕಿದೆ. ನಿನ್ನ ಫೋಟೋದಲ್ಲಿ ಬಲಕ್ಕಿದೆ," ಅಂದರು ಭಾವ. "ತಲೆಕೆಳಗೆ ಮಾಡಿದ್ರೂ ಸರಿಹೋಗಲ್ಲ, ನಾನು ನಿನ್ನೆ ಊಟದ ಮೇಜಿನ ಹತ್ರ ಕತ್ತು ತಿರುಗಿಸಿ ತಿರುಗಿಸಿ ನೋಡಿದೆ. ಕನ್ನಡಿಯಲ್ಲಿ ಮಾತ್ರ ಸರಿ ಕಾಣುತ್ತೆ. ಯಾತರಲ್ಲಿ ಮಾಡಿದೆ?"

ಅವಳು ಹಿಂದಿನ ಕೋಣೆಯಿಂದ ರಟ್ಟು ತಂದು ತೋರಿಸಿದಳು. ಬೆನ್ನಿನ ಮೇಲೆ ಬರೆದದ್ದು ಮುಂದಿನಿಂದ ತಿರುಗುಮುರುಗಾಗುತ್ತದೆ ಎಂಬುದು ಆಗ ಅವಳಿಗೆ ಹೊಳೆಯಿತು. "ನಿಮ್ಮದು?"

"ಹಲ್ಲಿನ ಅಚ್ಚು ತೆಗೆಯೋ ಪುಡಿ. ನಿಮ್ಮಕ್ಕನ ಕಪ್ಪು ಶಾಲಿನ ಮೇಲೆ ಊದಿದೆ."

"ಉಲ್ಕೆ?"

"ಅದು ಶಾಲಿನಲ್ಲೇ ಇತ್ತು," ಅಂದರು ಭಾವ ದುಃಖದಿಂದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಡ್ಡಕ್ಕೆ ಹೋದದ್ದು ನಿಜವೆಂದೂ, ಮೂರು ಸಲ ಹೋಗಿ ಮೂರು ಸಲವೂ ಬರೀ ಮಬ್ಬುಗಡ್ಡೆಗಳನ್ನು ಹೊತ್ತು ತಂದೆನೆಂದೂ ಭಾವ ಒಪ್ಪಿಕೊಂಡರು. ಗುಂಡಿಗಳ ಕಥೆಯನ್ನು ಅವಳು ಹೇಳಿದಳು. ನಗು ಬಂತು. ಆದರೆ ಸೋಮವಾರದ ನೆನಪಾದದ್ದೇ ನಗು ಆರಿತು. ಶಾಲೆಯ ತುಂಬ ಮಕ್ಕಳು ಅಕ್ಕನ ಕೂದಲನ್ನು ಉಲ್ಕೆಯೆಂದು ಕಲಿತರೆ? ಅದಕ್ಕಿಂತ ಹೆಚ್ಚಾಗಿ, ಅಕ್ಕನಿಗೆ ಗೊತ್ತಾದರೆ? ಸುಳ್ಳು ಹೇಳಿದ ಮಕ್ಕಳನ್ನು ಅಕ್ಕ ಬೈಯುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡುತ್ತಿದ್ದಳು. ಆ ನೋಟಕ್ಕಿಂತ ನಾಲ್ಕು ಏಟು ವಾಸಿ ಎಂದು ಇಬ್ಬರಿಗೂ ಗೊತ್ತಿತ್ತು.

"ಒಂದು ನಿಜವಾದ ಫೋಟೋ ತೆಗೆದುಬಿಡೋಣ," ಅಂದಳು ಗದ್ದಮ್ಮ. "ಇಬ್ಬರೂ ಸೇರಿ. ಒಂದೇ ಆಕಾಶ ತಾನೇ, ದೊಡ್ಡ ಪ್ರಿಂಟಿನಲ್ಲಿ ಯಾರಿಗೆ ಗೊತ್ತಾಗುತ್ತೆ?"

ಗುರುವಾರ ಮೋಡ ಸರಿಯಿತು. ಭಾವ ಮನೆಗೆ ಫೋನು ಮಾಡಿ, ಯಾರಿಗೋ ದವಡೆ ಊದಿದೆ, ಊಟಕ್ಕೆ ತಡ ಎಂದರು. ಸಂಜೆ ಕತ್ತಲಾಗುತ್ತಲೇ ಇಬ್ಬರೂ ಕ್ಲಿನಿಕ್ಕಿನ ತಾರಸಿ ಹತ್ತಿದರು. ತಾರಸಿಯ ಅಂಚಿನ ಮೋಟುಗೋಡೆಯ ಮೇಲೆ ಆಳೆತ್ತರದ ದೀಪದ ಹಲ್ಲೊಂದು, ಅಕ್ಕನೇ ಅಂಗಡಿಯಲ್ಲಿ ಆಯ್ದು ತಂದ ಕ್ಲಿನಿಕ್ಕಿನ ಬೋರ್ಡು, ಬೆಳ್ಳಗೆ ಉರಿಯುತ್ತಿತ್ತು. ಭಾವ ಕೆಳಗಿಳಿದು ಅದರ ಸ್ವಿಚ್ಚು ಆರಿಸಿ ಬಂದರು.

ಭಾವನ ಕ್ಯಾಮೆರಾ, ಭಾವನ ಲೆನ್ಸು. ತಾನಾಗಿ ಫೋಕಸ್ ಹಿಡಿಯುವ ಗುಂಡಿಯನ್ನು ಮೊದಲು ಆಫ್ ಮಾಡಿದರು. ಅದು ತಡಕಾಡುವುದನ್ನು ನೋಡಿ ಇಬ್ಬರಿಗೂ ಸಾಕಾಗಿತ್ತು. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ಒಂದು ದೊಡ್ಡ ನಕ್ಷತ್ರವನ್ನು ಹಿಡಿದು, ಅದನ್ನೇ ಹತ್ತುಪಟ್ಟು ಹಿಗ್ಗಿಸಿಕೊಂಡು, ಬಳೆ ತಿರುಗಿಸುವುದು ಎಂದು ತೀರ್ಮಾನವಾಯಿತು.

"ಸಿಕ್ತು, ಸಿಕ್ತು! ಎಂಥಾ ಹೊಳಪು ನೋಡು," ಅಂದರು ಭಾವ. ಬಳೆ ತಿರುಗಿಸತೊಡಗಿದರು. ನಕ್ಷತ್ರ ಮೆಲ್ಲಗೆ ಪರದೆಯ ಅಂಚಿಗೆ ಸರಿದು ಹೊರಟೇಹೋಯಿತು. ತಲೆ ಎತ್ತಿ ನೋಡಿದರೆ ವಿಮಾನ.

ಎರಡನೆಯದು ಅಲ್ಲಾಡಲಿಲ್ಲ. ಅದರ ಮೇಲೆ ಇಬ್ಬರೂ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿದ್ದಾಗ, ದೂರದ ಕಟ್ಟಡದಲ್ಲಿ ಯಾರೋ ಬಚ್ಚಲುಮನೆಯ ದೀಪ ಆರಿಸಿದರು. ನಕ್ಷತ್ರವೂ ಆರಿತು.

"ಕುಣಿಯಕ್ಕೆ ಬರ್ದಿದ್ರೆ ನೆಲ ಡೊಂಕು ಅನ್ನೋದು ಕೇಳಿದ್ದೆ. ಇಲ್ಲಿ ಆಕಾಶಾನೇ ಡೊಂಕು," ಅಂದಳು ಗದ್ದಮ್ಮ. "ಸರೀರಿ ಭಾವ, ನಾನು ನೋಡ್ತೀನಿ."

ಮೂರನೆಯದನ್ನು ಅವಳೇ ಆಯ್ದಳು. ಬೇಟೆಗಾರನ ಕೆಂಪು ಹೆಗಲು. ಎಡ ಹೆಗಲು. ಆದರೆ ಬಳೆ ತಿರುಗಿಸಿದರೆ ಭಾವನಿಗೆ ಒಂದು ಕಡೆ ಚೂಪಾಗಿ ಕಂಡದ್ದು ಇವಳಿಗೆ ಇನ್ನೊಂದು ಕಡೆ. ಇಬ್ಬರ ಕನ್ನಡಕಕ್ಕೂ ಇಬ್ಬರ ವಯಸ್ಸಿಗೂ ಹೊಂದಾಣಿಕೆಯಿರಲಿಲ್ಲ. ಭಾವ ಕೆಳಗೆ ಹೋಗಿ, ಹಲ್ಲಿನ ಹುಳುಕು ನೋಡುವಾಗ ಹಾಕಿಕೊಳ್ಳುವ ಭೂತಗನ್ನಡಿಯ ಕನ್ನಡಕ ತಂದು ಅವಳ ತಲೆಗೆ ಕಟ್ಟಿದರು. ಅದನ್ನು ಹಾಕಿಕೊಂಡು ಅವಳು ಪರದೆಗೆ ಬಗ್ಗಿದಳು.

ಕೆಂಪು ನಕ್ಷತ್ರ ಮೊದಲು ಬೂರುಗದ ಹತ್ತಿಯ ಉಂಡೆಯಂತಿತ್ತು. ಬಳೆ ಒಂದಿಷ್ಟು ತಿರುಗಿಸಿದಳು, ಕಡಲೆಯಾಯಿತು. ಇನ್ನಿಷ್ಟು, ಸಾಸಿವೆ. ಕೊನೆಯವರೆಗೂ ತಿರುಗಿಸಿದಳು, ಮತ್ತೆ ಊದಿ ಗುಂಡಿಯಾಯಿತು. ಅಲ್ಲೇ ಅವಳ ಕೈ ನಿಂತಿತು.

"ಭಾವ, ಇದು ಕೊನೆ ದಾಟಿ ಹೋಗುತ್ತೆ. ದೂರದ ಜಾಗ ಬಳೆಯ ಕೊನೆಯಲ್ಲಿಲ್ಲ. ಕೊನೆಗಿಂತ ಕೂದಲೆಳೆ ಹಿಂದಿದೆ. ನಾವಿಬ್ಬರೂ ದಿನಾ ದಾಟಿಬಿಡ್ತಿದ್ವಿ."

ಹಿಂದಕ್ಕೆ, ಬೆರಳಲ್ಲಿ ಅಲ್ಲ, ಉಗುರಿನಲ್ಲಿ ಎನ್ನುವಷ್ಟು ಮೆಲ್ಲಗೆ ಸರಿಸಿದಳು. ಗುಂಡಿ ಕುಗ್ಗಿತು. ಸಾಸಿವೆ ಕುಗ್ಗಿತು. ಸೂಜಿಮೊನೆಯಾಯಿತು. ಆ ಕ್ಷಣಕ್ಕೆ, ಅದರ ಸುತ್ತ ಅಷ್ಟು ಹೊತ್ತು ಏನೂ ಇಲ್ಲದಿದ್ದ ಕತ್ತಲೆಯಲ್ಲಿ ಒಂದು, ಎರಡು, ಆಮೇಲೆ ಒಂದು ಹಿಡಿ ಸಣ್ಣ ನಕ್ಷತ್ರಗಳು ಕಣ್ಣು ಬಿಟ್ಟವು. ಅವು ಮೊದಲಿನಿಂದ ಅಲ್ಲೇ ಇದ್ದವು. ಮಬ್ಬಿನಲ್ಲಿ ಕರಗಿದ್ದವು, ಅಷ್ಟೇ. ಗದ್ದಮ್ಮ ಇಷ್ಟು ವರ್ಷ ಸಾವಿರಾರು ಜನರ ಕಣ್ಣುಗಳನ್ನು ಫೋಕಸ್ ಮಾಡಿದ್ದಳು. ಯಾವ ಕಣ್ಣೂ ಹೀಗೆ ತಿರುಗಿ ನೋಡಿರಲಿಲ್ಲ. "ಅಲ್ಲಾಡಬೇಡಿ," ಅಂದಳು ರೂಢಿಯಂತೆ, ಪಿಸುಮಾತಿನಲ್ಲಿ. ಯಾರಿಗೆ ಅಂದಳೋ.

ಭಾವ ಅಲ್ಲಾಡಿದರು. ನೋಡುವ ಆತುರಕ್ಕೆ ಅವರ ಮೊಣಕೈ ಬಳೆಗೆ ತಗುಲಿ ನಕ್ಷತ್ರ ಮತ್ತೆ ಗುಂಡಿಯಾಯಿತು. ಅವಳು ಮೊದಲಿನಿಂದ ಶುರು ಮಾಡಿದಳು. ಮತ್ತೆ ಸೂಜಿಮೊನೆ ಸಿಕ್ಕಿದಾಗ, "ಟೇಪು ಕೊಡಿ, ಬಳೆ ಜಾರದ ಹಾಗೆ ಅಂಟಿಸ್ತೀನಿ," ಅಂದಳು.

ಟೇಪನ್ನು ಇಬ್ಬರೂ ತಂದಿರಲಿಲ್ಲ. "ಹಿಡ್ಕೊಂಡೇ ಇರು, ಬಂದೆ," ಎಂದು ಭಾವ ಕೆಳಗೋಡಿ, ಚಿಕ್ಕ ಚಮಚದಲ್ಲಿ ಏನೋ ಕಲಸುತ್ತ ಬಂದರು. ಬಳೆಯ ಅಂಚಿಗೆ ಅತ್ತ ಒಂದು ಬೊಟ್ಟು, ಇತ್ತ ಒಂದು ಬೊಟ್ಟು ಇಟ್ಟು, ರೋಗಿಯ ಹಲ್ಲಿಗೆ ಊದುವಂತೆ ಊದಿದರು.

"ಏನಿದು?"

"ಹಲ್ಲಿನ ತೂತು ತುಂಬೋ ಸಿಮೆಂಟು."

"ಆಮೇಲೆ ಕಿತ್ತು ಬರುತ್ತಲ್ಲ?"

ಭಾವ ಯೋಚಿಸಿದರು. "ಇವತ್ತಿನವರೆಗೆ ಯಾರಿಗೂ ಕಿತ್ತು ಬಂದಿಲ್ಲ," ಅಂದರು. ಅವರ ದನಿಯಲ್ಲಿ ಮೊದಲು ಹೆಮ್ಮೆಯಿತ್ತು, ವಾಕ್ಯ ಮುಗಿಯುವಷ್ಟರಲ್ಲಿ ಗಾಬರಿ.

ಫೋಟೋ ಬಂತು. ಚಂದ್ರ ಹುಟ್ಟುವುದರೊಳಗೆ ಬೇಕಾದಷ್ಟು ತೆಗೆದರು. ಕೆಂಪು ನಕ್ಷತ್ರ ಎಡ ಹೆಗಲಿನಲ್ಲೇ ಇತ್ತು, ಯಾವ ನಕ್ಷತ್ರಕ್ಕೂ ನೆರಳಿರಲಿಲ್ಲ.

ಶನಿವಾರ ಸಂಜೆ ಬಾಗಿಲಷ್ಟು ದೊಡ್ಡ ಪ್ರಿಂಟನ್ನು ಸುತ್ತಿಕೊಂಡು ಇಬ್ಬರೂ ಅಕ್ಕನ ಶಾಲೆಯ ಕೋಣೆಗೆ ಹೋಗಿ ಮೇಜಿನ ಮೇಲೆ ಬಿಚ್ಚಿದರು. ನಾಲ್ಕು ಮೂಲೆಗೂ ಪುಸ್ತಕದ ಭಾರ ಇಟ್ಟು ಅಕ್ಕ ಬಗ್ಗಿ ನೋಡಿದಳು.

"ಒಂದೇ ಯಾಕೆ? ಎರಡು ಹೇಳಿದ್ದೆನಲ್ಲ."

"ಇದು ಇಬ್ಬರೂ ಸೇರಿ ತೆಗೆದದ್ದು. ಗುಡ್ಡದ ಮೇಲಿಂದ," ಅಂದರು ಭಾವ ಒಂದೇ ಉಸಿರಿಗೆ.

"ಮೊದಲಿನದರಲ್ಲಿ ನಕ್ಷತ್ರ ಜಾಸ್ತಿ ಇತ್ತಪ್ಪ. ಇದು ಯಾಕೋ ಸಪ್ಪೆ." ಅವಳ ಬೆರಳು ಚಿತ್ರದ ಕೆಳಗಿನ ಅಂಚಿಗೆ ಬಂದು ನಿಂತಿತು. "ಇದೇನು, ಕರ್ರಗೆ?"

ಗದ್ದಮ್ಮ ಬಗ್ಗಿದಳು. ಫೋಕಸ್ಸಿನ ಗುಂಗಿನಲ್ಲಿ ಇಬ್ಬರೂ ಕೆಳ ಅಂಚನ್ನು ನೋಡಿಯೇ ಇರಲಿಲ್ಲ.

"ಅದು... ಗುಡ್ಡ," ಅಂದಳು.

"ಗುಡ್ಡಕ್ಕೆ ಎರಡು ಬೇರಿದೆ."

"ಜೋಡಿ ಗುಡ್ಡ," ಅಂದರು ಭಾವ.

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಮೊದಲು ಗಂಡನನ್ನು, ಆಮೇಲೆ ತಂಗಿಯನ್ನು. "ರೀ, ಈ ದವಡೆ ಹಲ್ಲಿನ ಬೋರ್ಡು ಅಂಗಡಿಯಲ್ಲಿ ಆರಿಸಿದವಳು ನಾನು."

ಅಷ್ಟೇ ಸಾಕಾಯಿತು. "ಅವಳು ರಟ್ಟಿಗೆ ತೂತು ಚುಚ್ಚಿದ್ಲು!" ಅಂದರು ಭಾವ. "ಅವರು ನಿನ್ನ ಶಾಲಿನ ಮೇಲೆ ಪುಡಿ ಊದಿದ್ರು!" ಅಂದಳು ಗದ್ದಮ್ಮ. "ಪೆಪ್ಪರ್‌ಮೆಂಟ್ ಕಾಗದ!" "ಉಲ್ಕೆ ನಿನ್ನ ಕೂದಲು ಕಣೇ!" ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತ ಹೇಳುತ್ತ ಇಡೀ ಕಥೆ ಮೇಜಿನ ಮೇಲೆ ಬಿತ್ತು. ಅಕ್ಕ ಕುರ್ಚಿಯಲ್ಲಿ ಕೂತಳು. ಮುಖ ಗಂಟಿಕ್ಕಿಯೇ ಇತ್ತು. ಆಮೇಲೆ ತಲೆಗೆ ಕೈ ಹಾಕಿ, ಒಂದು ನರೆಗೂದಲನ್ನು ಬೆಳಕಿಗೆ ಹಿಡಿದು ನೋಡಿ, "ಉಲ್ಕೆ..." ಅಂದಳು. ತುಟಿ ಅದುರಿತು. ಅಲ್ಲಿಂದ ಅವಳ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಹೊರಗೆ ಗುಡಿಸುತ್ತಿದ್ದವಳು ಕಿಟಕಿಯಿಂದ ಇಣುಕಿ ಹೋದಳು.

ಕಣ್ಣೊರೆಸಿಕೊಂಡು ಅಕ್ಕ, "ಮೂರನ್ನೂ ಪ್ರಿಂಟ್ ಹಾಕಿಸಿ," ಅಂದಳು.

ಸೋಮವಾರ ಹಜಾರದ ಗೋಡೆಯ ಮೇಲೆ ಮೂರೂ ಚಿತ್ರಗಳು ಪಕ್ಕಪಕ್ಕದಲ್ಲಿದ್ದವು. ಪ್ರಾರ್ಥನೆ ಮುಗಿದ ಮೇಲೆ ಅಕ್ಕ ಮಕ್ಕಳನ್ನು ಸಾಲಾಗಿ ಅವುಗಳ ಮುಂದೆ ನಡೆಸಿ, "ಮೂರರಲ್ಲಿ ಒಂದು ಮಾತ್ರ ನಿಜವಾದ ಆಕಾಶ. ಯಾವುದು? ಕೈ ಎತ್ತಿ," ಅಂದಳು. ಹಿಂದಿನ ಸಾಲಿನಲ್ಲಿ ಭಾವ ಮತ್ತು ನಾದಿನಿ, ಫಲಿತಾಂಶಕ್ಕೆ ಕಾದ ವಿದ್ಯಾರ್ಥಿಗಳಂತೆ ನಿಂತಿದ್ದರು.

ಹಲ್ಲಿನ ಪುಡಿಗೆ ಕೈಗಳ ಕಾಡೇ ಎದ್ದಿತು. ತಪ್ಪು ಹೆಗಲಿನ ಬೇಟೆಗಾರನಿಗೂ ಸುಮಾರು ಕೈಗಳು ಬಂದವು. ನಿಜವಾದ ಆಕಾಶಕ್ಕೆ ಬೆರಳೆಣಿಕೆಯ ಕೈಗಳು, ಅವೂ ಅರ್ಧಂಬರ್ಧ ಎತ್ತಿದವು. ಅದೇಕೆ ಸುಳ್ಳು ಎಂದು ಅಕ್ಕ ಕೇಳಿದಾಗ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಆಕಾಶದಲ್ಲಿ ಹಲ್ಲು ಇರಲ್ಲ ಮಿಸ್," ಅಂದಳು.

"ಹಾಗಾದ್ರೆ ಇವತ್ತು ಸಂಜೆ ಎಲ್ಲರೂ ತಲೆ ಎತ್ತಿ ನೋಡ್ಕೊಂಡು ಬನ್ನಿ. ಕೆಂಪು ನಕ್ಷತ್ರ ಯಾವ ಹೆಗಲಲ್ಲಿದೆ ಅಂತ ನಾಳೆ ಹೇಳಬೇಕು," ಅಂದಳು ಅಕ್ಕ. ಮರುದಿನ ಹಜಾರದಲ್ಲಿ ಎಂಥ ಗದ್ದಲವೆಂದರೆ, ಬೇಟೆಗಾರನ ಹೆಗಲಿನ ವಿಷಯಕ್ಕೆ ಇಬ್ಬರು ಹುಡುಗರ ಅಂಗಿಯ ಹೆಗಲು ಹರಿಯಿತು.

ಸಿಮೆಂಟು ಕಿತ್ತು ಬರಲಿಲ್ಲ. ಆ ಲೆನ್ಸಿನಲ್ಲಿ ಇನ್ನು ಮುಂದೆ ನಕ್ಷತ್ರಗಳ ಹೊರತು ಮನುಷ್ಯರ ಮುಖ ಕಾಣುವಂತಿಲ್ಲ. ಅದಕ್ಕಾಗಿ ಭಾವನಿಗೆ ಬೇಸರವಿದ್ದಂತೆ ತೋರಲಿಲ್ಲ. ಮೋಡವಿಲ್ಲದ ಸಂಜೆಗಳಲ್ಲಿ ನಾದಿನಿಯನ್ನು ಕರೆದುಕೊಂಡು ತಾರಸಿ ಹತ್ತುತ್ತಾರೆ. ಅವಳಿಗೆ ಬೇಸರ ಬೇರೆಯದು. ಕ್ಲಿನಿಕ್ಕಿನಲ್ಲಿ ಭಾವ ರೋಗಿಯ ಬಾಯಿಗೆ ಹತ್ತಿ ತುರುಕಿ, ಎರಡೂ ಕೈಯನ್ನು ದವಡೆಯೊಳಗಿಟ್ಟ ಮೇಲೆ, ಮೂರು ಆಕಾಶಗಳ ಪೈಪೋಟಿಯಲ್ಲಿ ಇಡೀ ಶಾಲೆ ತಮ್ಮದನ್ನೇ ಗೆಲ್ಲಿಸಿತು ಎಂಬ ಸುದ್ದಿಯನ್ನು ವಿವರವಾಗಿ ಹೇಳುತ್ತಾರಂತೆ. ಇಲ್ಲಿಯವರೆಗೆ ಒಬ್ಬ ರೋಗಿಯೂ ಎದುರಾಡಿಲ್ಲ.